ವಾಪಸ್ ಬಂದ ನೀರು

ಜೂನ್ 3, ಮಂಗಳವಾರ. ಮಧ್ಯಾಹ್ನ 2.10, ಪಂಪ್ ರೂಮ್

ಬೆಳಿಗ್ಗೆ ಐದೂ ಮುಕ್ಕಾಲಿಗೆ ಮೋಟರ್ ಹಾಕಿದೆ. ಎ ವಿಂಗ್ ತುಂಬಿತು, ಬಿ ತುಂಬಿತು, ಸಿ ವಿಂಗ್ ಯಾವತ್ತಿನಂತೆ ತಡ. ಎ-704ರ ಬೇಸಿನ್ ಜಾಮ್. ಬಿ-302ರ ಫ್ಲಶ್ ನಿಲ್ಲುತ್ತಿಲ್ಲ. ಆಫೀಸಿನ ರಿಜಿಸ್ಟರಿನಲ್ಲಿ ಇಷ್ಟೇ ಬರೆದು ಸಹಿ ಹಾಕಿದೆ. ಬಾಲಪ್ಪ, ಪ್ಲಂಬರ್. ಉಳಿದದ್ದು ಅಲ್ಲಿ ಬರೆಯುವಂಥದ್ದಲ್ಲ.

ಹನ್ನೊಂದಕ್ಕೆ ಸೆಕ್ರೆಟರಿ ಕಮಲಾಕ್ಷ ಸರ್ ಆಫೀಸಿಗೆ ಕರೆದರು. ಉಡುಪಿ ಕಡೆಯವರು, ಇಲ್ಲೇ ಮುಂಬೈ ಪಕ್ಕದ ಠಾಣೆಯಲ್ಲಿ, ವಾಗ್ಳೆ ಎಸ್ಟೇಟಿನಲ್ಲಿ ಹೋಟೆಲ್. ಈ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ನನ್ನ ಜೊತೆ ಕನ್ನಡ ಮಾತಾಡುವವರು ಇಬ್ಬರೇ — ಅವರು, ಅವರ ತಾಯಿ ವಾರಿಜಮ್ಮ.

"ಬಾಲಪ್ಪ, ನಮ್ಮ ಬ್ಯಾಕ್‌ಫ್ಲೋ ವಾಲ್ವ್ ಉಂಟಲ್ಲ, ಅದಕ್ಕೆ ಇನ್ನು ಕಂಪನಿಯವರೇ ಬರ್ತಾರೆ. ಕ್ಲೀನಿಂಗ್, ಟೆಸ್ಟಿಂಗ್, ಸರ್ಟಿಫಿಕೇಟ್ ಎಲ್ಲ ಅವರದ್ದೇ. ನೀವು ಸ್ವಲ್ಪ ಜೊತೆಗಿರಿ, ಆಯ್ತಾ?"

ಹದಿನಾಲ್ಕು ವರ್ಷ ಆ ವಾಲ್ವ್‌ಗಳ ಕಸ ತಡೆಯುವ ಜಾಲಿ ತೊಳೆದವನು ನಾನು. ಮೂರು ವಿಂಗಿಗೆ ಮೂರು. ಗಾರ್ಡನ್ ಲೈನಿನಲ್ಲಿ ಓಡುವುದು ಬಚ್ಚಲು-ಸಂಡಾಸಿನ ನೀರನ್ನೇ ಸೋಸಿದ್ದು. ಅದು ಸಾಲದಾದಾಗ ಕುಡಿಯುವ ಲೈನಿನಿಂದ ಅದಕ್ಕೆ ನೀರು ಹೋಗುತ್ತದೆ. ನಡುವೆ ಈ ವಾಲ್ವ್. ನೀರು ಆ ಕಡೆ ಹೋಗಬೇಕು, ಈ ಕಡೆ ವಾಪಸ್ ಬರಬಾರದು. ಅಷ್ಟೇ ಕೆಲಸ. ಅದು ಎಲ್ಲಿದೆ ಎಂದು ಇಡೀ ಸೊಸೈಟಿಯಲ್ಲಿ ಗೊತ್ತಿದ್ದವನು ನಾನೊಬ್ಬ.

ಕಂಪನಿಯ ಟೆಕ್ನಿಶಿಯನ್ ಬಾಗಿಲಲ್ಲಿ ನಿಂತಿದ್ದ. ನೀಲಿ ಅಂಗಿ. ಜೇಬಿನ ಮೇಲೆ ದಾರದಲ್ಲಿ ಹೊಲಿದ ಹೆಸರು. ಕೈಯಲ್ಲಿ ಕಪ್ಪು ಪೆಟ್ಟಿಗೆ.

"ಶರಣ್ರಿ ಮಾವ" ಎಂದ.

ರೇವಣಸಿದ್ದ. ನನ್ನ ಹೆಂಡತಿಯ ತಮ್ಮ.

ಜೂನ್ 4, ಬುಧವಾರ. ಮಧ್ಯಾಹ್ನ 2.30

ಹೆಂಡತಿ ದ್ರೌಪದಿಗೆ ಮೊದಲೇ ಗೊತ್ತಿತ್ತಂತೆ. "ನಿಮಗ ಖುಷಿ ಆಗ್ತದ ಅಂತ ಹೇಳಿರಲಿಲ್ರಿ" ಎಂದಳು.

ಖುಷಿ.

ಇವತ್ತು ರೇವಣಸಿದ್ದ ಮೂರೂ ವಾಲ್ವ್ ಬಿಚ್ಚಿದ. ನಾನು ಟಾರ್ಚ್ ಹಿಡಿದೆ. ಹದಿನಾಲ್ಕು ವರ್ಷದ ಪ್ಲಂಬರ್, ಟಾರ್ಚ್ ಹಿಡಿದೆ. ಎರಡೂ ಕಡೆ ನೀರಿನ ಕಾಕ್ ಬಂದ್ ಮಾಡಿ, ಮುಚ್ಚಳದ ಬೋಲ್ಟ್ ಒಂದೊಂದಾಗಿ ತೆಗೆದು, ಸಾಲಾಗಿ ಬಟ್ಟೆಯ ಮೇಲೆ ಇಟ್ಟ. ಒಳಗಿನ ಎರಡು ರಬ್ಬರ್ ಬಿಲ್ಲೆ, ಎರಡು ಸ್ಪ್ರಿಂಗ್. ಬಿಲ್ಲೆಗಳನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದ, ಮೆತ್ತನೆ ಬ್ರಶ್‌ನಿಂದ ತೊಳೆದ, ಬೆಳಕಿಗೆ ಹಿಡಿದು ನೋಡಿದ. ನಾನು ಹೊರಗಿನ ಜಾಲಿ ಬಿಟ್ಟು ಒಳಗೆ ಯಾವತ್ತೂ ಕೈಹಾಕಿದವನಲ್ಲ. ಯಾರೂ ಹೇಳಿರಲಿಲ್ಲ. ಕೆಳಗೊಂದು ತೂತಿದೆ, ಅದರ ಬಗ್ಗೆ ಏನೋ ಹೇಳುತ್ತಿದ್ದ — ನಾನು ಅವನ ಬೂಟು ನೋಡುತ್ತಿದ್ದೆ. ಸೇಫ್ಟಿ ಬೂಟು. ನನಗೆ ಕೊಡುತ್ತೇವೆ ಎಂದು ಮೂರು ವರ್ಷದಿಂದ ಹೇಳುತ್ತಿದ್ದಾರೆ.

ಆಮೇಲೆ ಕಪ್ಪು ಪೆಟ್ಟಿಗೆ ತೆಗೆದ. ಗೇಜ್. ನೀರಿನ ಒತ್ತಡ ನೋಡಲು ಎರಡು ಸಣ್ಣ ಪೈಪ್ ಜೋಡಿಸಿ ಕಾಕ್ ತಿರುಗಿಸಿದ. ಮುಳ್ಳು ಎದ್ದು ನಿಂತಿತು. ಕಮಲಾಕ್ಷ ಸರ್ ಬಗ್ಗಿ ನೋಡಿದರು.

"ಎಂತ ಚಂದ ಕೆಲ್ಸ ಮಾರಾಯ್ರೆ ನಿಮ್ದು! ಆಸ್ಪತ್ರೆಯ ಡಾಕ್ಟ್ರ ಹಾಗೆ." ನನ್ನ ಕಡೆ ತಿರುಗಿ, "ಬಾಲಪ್ಪ, ಸ್ವಲ್ಪ ನೋಡಿ ಕಲ್ತ್ಕೊಳ್ಳಿ ನೀವೂ."

ಟಾರ್ಚಿನ ಬೆಳಕು ಗೋಡೆಗೆ ಹೋಗಿತ್ತು. ಅವನು "ಮಾವ, ಸ್ವಲ್ಪ ಈ ಕಡಿ" ಎಂದ, ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು.

ಜೂನ್ 8, ಭಾನುವಾರ. ಸಂಜೆ 5, ಕೋಪರಿ, ಮನೆ

ರೇವಣಸಿದ್ದ ಊಟಕ್ಕೆ ಬಂದಿದ್ದ, ಡೊಂಬಿವಲಿಯಿಂದ. ದ್ರೌಪದಿ ಬೆಳಿಗ್ಗೆ ಆರಕ್ಕೇ ಎದ್ದು ಶೇಂಗಾ ಹೋಳಿಗೆ, ಎಣ್ಣೆಗಾಯಿ. ನನ್ನ ಭಾನುವಾರಗಳಿಗೆ ಬೇಳೆ-ಅನ್ನ ಸಾಕು. ವಾರವೆಲ್ಲ ಪೋಳಿ-ಭಾಜಿ ಕೇಂದ್ರದಲ್ಲಿ ಚಪಾತಿ ಲಟ್ಟಿಸಿ ಕೈ ನೋಯುತ್ತದೆ ಎನ್ನುತ್ತಾಳೆ. ಇವತ್ತು ಕೈ ನೋಯಲಿಲ್ಲ.

ಮಗಳು ಜ್ಯೋತಿ ಹನ್ನೆರಡನೇ ಕ್ಲಾಸ್. ನನ್ನ ಕೆಲಸದ ಬಗ್ಗೆ ಹುಟ್ಟಿದಾಗಿನಿಂದ ಒಂದು ಮಾತು ಕೇಳಿದವಳಲ್ಲ. ಇವತ್ತು ಗೇಜ್ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು, "ಮಾಮಾ, ಯೇ ಕೈಸೆ ಕಾಮ್ ಕರ್ತಾ ಹೈ?" ಅವನು ಕನ್ನಡದಲ್ಲಿ ಹೇಳಿದ, ಅವಳು ಹಿಂದಿಯಲ್ಲಿ ಕೇಳಿದಳು. ಅರ್ಧ ತಾಸು.

2018ರಲ್ಲಿ ಅವನನ್ನು ಜೇವರ್ಗಿಯಿಂದ ಕರೆತಂದವನು ನಾನು. ಇದೇ ಖೋಲಿಯಲ್ಲಿ ನನ್ನ ಕಾಲ ಬುಡದಲ್ಲಿ ಮಲಗುತ್ತಿದ್ದ. ಬೋಲ್ಟ್ ತಿರುಗಿಸುವ ಪಾನಾ ಹಿಡಿಯಲು, ನೀರು ಸೋರದಂತೆ ಪೈಪಿಗೆ ದಾರ ಸುತ್ತಿ ಸಫೇದಾ ಪೇಸ್ಟ್ ಬಳಿಯಲು ಕಲಿಸಿದೆ. ಮೂರು ಸಲ ಬಾಯ್ತುಂಬ ಬೈದದ್ದೂ ನೆನಪಿದೆ. ಅವನು ರಾತ್ರಿ ಕ್ಲಾಸಿಗೆ ಸೇರಿದಾಗ ನಕ್ಕಿದ್ದೆ. "ಪೈಪಿಗ್ಯಾಕಲೇ ಸಾಲಿ?" ಎಂದಿದ್ದೆ.

ಈಗ ದ್ರೌಪದಿ ಪಕ್ಕದ ಮನೆಯವಳಿಗೆ ಬಾಗಿಲಲ್ಲಿ ನಿಂತು ಹೇಳುತ್ತಿದ್ದಾಳೆ — "ನಮ್ಮ ತಮ್ಮ. ನಮ್ಮೆಜಮಾನ್ರ ಸೊಸೈಟಿಗಿ ಸಾಹೇಬ ಆಗಿ ಬಂದಾನ."

ಸಾಹೇಬ.

ಹೋಳಿಗೆ ಎರಡು ತಿಂದೆ. ಮೂರನೆಯದನ್ನು ತಟ್ಟೆಯಲ್ಲೇ ಬಿಟ್ಟೆ.

ಜೂನ್ 17, ಮಂಗಳವಾರ. ಮಧ್ಯಾಹ್ನ 1.50

ಸಿ ವಿಂಗಿನ ವಾಲ್ವ್ ಕೆಳಗೆ ನೀರು. ಆ ತೂತಿನಿಂದ ಹನಿ... ಹನಿ... ಎಣಿಸಿದೆ, ನಿಮಿಷಕ್ಕೆ ನಲವತ್ತು. ಮಳೆ ಶುರುವಾಗಿ ನೀರು ಕೆಂಪಗೆ ಬರುತ್ತಿದೆ, ಒಳಗೆ ಮರಳು ಕೂತಿರಬೇಕು.

ಅವನೇ ತೊಳೆದದ್ದು. ಹದಿನೈದು ದಿನವೂ ಆಗಿಲ್ಲ. ಡಾಕ್ಟರ್!

ಒಂದು ಸಂತೋಷ ಆಯಿತು. ಬರೆದೇಬಿಡುತ್ತೇನೆ, ಯಾರು ಓದುತ್ತಾರೆ — ಇಡೀ ತಿಂಗಳಲ್ಲಿ ಅಂಥ ಸಂತೋಷ ಆಗಿರಲಿಲ್ಲ.

ನಿಯಮದ ಪ್ರಕಾರ ಕಂಪನಿಗೆ ಫೋನ್ ಮಾಡಬೇಕು. ನಂಬರ್ ಗೋಡೆಗೆ ಅಂಟಿಸಿದ್ದಾರೆ. ಮಾಡಿದರೆ ಅವನೇ ಬರುತ್ತಾನೆ, ಬಟ್ಟೆ ಹಾಸುತ್ತಾನೆ, ಬೋಲ್ಟ್ ಸಾಲಾಗಿ ಇಡುತ್ತಾನೆ. ನಾನು ಟಾರ್ಚ್ ಹಿಡಿಯುತ್ತೇನೆ.

ಮಾಡಲಿಲ್ಲ.

ಜೂನ್ 18, ಬುಧವಾರ. ಮಧ್ಯಾಹ್ನ 3

ಬಿಚ್ಚಿದೆ. ನಾನೇ. ಬೆಳಿಗ್ಗೆ ಹತ್ತೂವರೆಗೆ, ಎಲ್ಲರೂ ಕೆಲಸಕ್ಕೆ ಹೋದಮೇಲೆ.

ಅದೇನು ದೊಡ್ಡ ವಿದ್ಯೆಯಲ್ಲ. ಬೋಲ್ಟ್ ಎಂದರೆ ಬೋಲ್ಟ್. ಎರಡನೇ ಬಿಲ್ಲೆ ಬಿಗಿಯಾಗಿತ್ತು, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದೆ. ಅಂಚಿನಲ್ಲಿ ಸಣ್ಣ ಸೀಳು ಬಿತ್ತು. ಕೂದಲೆಳೆಯಷ್ಟು. ತಿರುಗಿಸಿ ಹಾಕಿದೆ, ಒಳ್ಳೆಯ ಬದಿ ಮೇಲೆ. ಮರಳು ತೊಳೆದೆ. ಮುಚ್ಚಿದೆ. ನೀರು ಬಿಟ್ಟೆ.

ಹನಿ ನಿಲ್ಲಲಿಲ್ಲ. ಮೊದಲಿಗಿಂತ ಹೆಚ್ಚಾಯಿತು.

ಇನ್ನೊಮ್ಮೆ ಬಿಚ್ಚಿದೆ, ಕೂಡಿಸಿದೆ. ಹನ್ನೆರಡಾಯಿತು. ವಾಚ್‌ಮನ್ ಬಂದು, "ಕ್ಯಾ ಬಾಲಪ್ಪ, ಆಜ್ ಸ್ವಿಮಿಂಗ್ ಪೂಲ್ ಖೋಲಾ?" ಎಂದು ನಕ್ಕ. ಅವನು ಹೋದಮೇಲೆ ಡಬ್ಬಿಯಲ್ಲಿ ಹುಡುಕಿ ಸರಿಯಾದ ಅಳತೆಯ ಪ್ಲಗ್ ತೆಗೆದೆ. ದಾರ ಸುತ್ತಿ, ಸಫೇದಾ ಬಳಿದು, ಆ ತೂತಿಗೇ ಬಿಗಿದುಬಿಟ್ಟೆ.

ಒಣಗಿದ ನೆಲ. ಒಂದು ಹನಿ ಇಲ್ಲ.

ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಆದರೂ ಎದೆ ಉಬ್ಬಿದಂತೆ. ಸರ್ಟಿಫಿಕೇಟ್ ಇಲ್ಲದೆ, ಗೇಜ್ ಇಲ್ಲದೆ, ಒಬ್ಬನೇ ಮಾಡಿದೆ.

ಜೂನ್ 22, ಭಾನುವಾರ

ರೇವಣಸಿದ್ದ ಫೋನ್ ಮಾಡಿದ್ದ. ಅಕ್ಕನ ಜೊತೆ ಮಾತಾಡಿ, ಕೊನೆಗೆ ಮಾವನಿಗೆ ಕೊಡು ಎಂದನಂತೆ.

"ಮಾವ, ಮಳಿ ನೀರಾಗ ಮರಳ ಭಾಳ ಬರ್ತದ. ವಾಲ್ವ್ ಹನಿತಾವೇನ್ರಿ? ಹನಿದ್ರ ಒಂದ್ ಫೋನ್ ಮಾಡ್ರಿ, ನಾ ಬಂದ್ ಹೋಗ್ತೀನಿ."

"ಏನೂ ಇಲ್ಲ. ಬರೋಬ್ಬರಿ ಅದಾವ" ಎಂದೆ.

ಸುಳ್ಳು ಎಷ್ಟು ಸುಲಭವಾಗಿ ಬಂತು! ಕೇಳುವ ಅವಕಾಶ ಅವನೇ ಕೈಗೆ ತಂದು ಕೊಟ್ಟ. ಕೇಳಲಿಲ್ಲ.

ಜೂನ್ 27, ಶುಕ್ರವಾರ. ಸಂಜೆ 6.40

ಪೈಪ್‌ಲೈನ್ ಕೆಲಸಕ್ಕೆ ಇವತ್ತಿಡೀ ನೀರು ಬಂದ್. ನೋಟಿಸ್ ಹಾಕಿದರೂ ಜನ ಬಕೆಟ್ ತುಂಬಿ ತುಂಬಿ ನಾಲ್ಕಕ್ಕೇ ಸಿ ವಿಂಗಿನ ಟ್ಯಾಂಕ್ ಖಾಲಿ. ಪಾರ್ಕಿಂಗಿನಲ್ಲಿ ಕೆಸರು, ಹೌಸ್‌ಕೀಪಿಂಗ್‌ನವರು ಗಾರ್ಡನ್ ಪಂಪ್ ಹಾಕಿ ತೊಳೆದರು. ಅದಕ್ಕೇನು ನೀರಿನ ಕೊರತೆ ಇಲ್ಲ.

ಕಾಲು ನೋವು. ಸಣ್ಣ ಮಳೆ. ಹೊರಡಬೇಕು.

ಜೂನ್ 28, ಶನಿವಾರ. ಬೆಳಿಗ್ಗೆ 9.15

ಸಿ-101, ಸಿ-102, ಸಿ-201ರಿಂದ ಫೋನ್. ನೀರು ವಾಸನೆ, ಸ್ವಲ್ಪ ಹಳದಿ. 201 ಎಂದರೆ ಕಮಲಾಕ್ಷ ಸರ್ ಮನೆ.

ಮೆಟ್ಟಿಲಲ್ಲೇ ನನಗೆ ಹೊಳೆಯಿತು. ಟ್ಯಾಂಕ್ ಖಾಲಿ, ಕುಡಿಯುವ ಲೈನಿನಲ್ಲಿ ಜೋರಿಲ್ಲ. ಆ ಕಡೆ ಗಾರ್ಡನ್ ಪಂಪ್ ಒತ್ತುತ್ತಿದೆ. ವಾಪಸ್ ಬರುವ ನೀರನ್ನು ತಡೆಯಬೇಕಾದ ಬಿಲ್ಲೆಯಲ್ಲಿ ಸೀಳು, ಇನ್ನೊಂದಕ್ಕೆ ಮತ್ತೆ ಮರಳು ಕೂತಿರಬೇಕು. ಸೋರಿದ್ದು ಹೊರಗೆ ಬೀಳಲಿ ಎಂದು ಇಟ್ಟ ತೂತಿಗೆ ನನ್ನ ಪ್ಲಗ್. ಅದು ಇನ್ನೆಲ್ಲಿ ಹೋಗಬೇಕು?

ವಾರಿಜಮ್ಮ ಬಾಗಿಲು ತೆಗೆದರು. ಎಪ್ಪತ್ತೆಂಟು ವರ್ಷ. "ಬಾಲಪ್ಪ, ನೀರು ಎಂತದೋ ಪಾಚಿ ವಾಸನೆ ಬರ್ತದೆ ಮಗಾ. ಕುಡಿಬಹುದಾ?"

ನನ್ನ ಬಾಯಿಂದ ಬಂದದ್ದು — "ಟ್ಯಾಂಕಿನ ತಳದ್ದ ಕೆಸರರಿ ಅಮ್ಮ. ಹತ್ತು ನಿಮಿಷ ನಳ ಬಿಡ್ರಿ, ಸ್ವಚ್ಛ ಆಗ್ತದ."

ಕೆಳಗೆ ಓಡಿದೆ. ಗಾರ್ಡನ್ ಕಡೆಯ ಕಾಕ್ ಬಂದ್ ಮಾಡಿದೆ. ಪ್ಲಗ್ ಬಿಚ್ಚಿ ಜೇಬಿಗೆ ಹಾಕಿದೆ. ಟ್ಯಾಂಕಿಗೆ ಕ್ಲೋರಿನ್ ಹೆಚ್ಚು ಹಾಕಿದೆ.

ಕುಡಿಯಬೇಡಿ ಎಂದು ಹೇಳಬೇಕಿತ್ತು. ಒಂದೇ ಮಾತು. ಹೇಳಿದರೆ ಯಾಕೆ ಎಂದು ಕೇಳುತ್ತಿದ್ದರು.

ಜೂನ್ 30, ಸೋಮವಾರ. ಮಧ್ಯಾಹ್ನ

ಸಿ ವಿಂಗಿನಲ್ಲಿ ಹನ್ನೊಂದು ಜನಕ್ಕೆ ವಾಂತಿ-ಭೇದಿ. 102ರ ನಿಶಾ ಮೇಡಂ, ಅವರ ಎರಡು ವರ್ಷದ ಮಗು. ಮಗುವನ್ನೂ ಅಡ್ಮಿಟ್ ಮಾಡಿದ್ದಾರೆ. ವಾರಿಜಮ್ಮ ಆಸ್ಪತ್ರೆಯಲ್ಲಿ. ಐಸಿಯು.

ಊಟದ ಡಬ್ಬಿ ತೆರೆದಿಲ್ಲ.

ಜುಲೈ 1, ಮಂಗಳವಾರ. ಮಧ್ಯಾಹ್ನ 3.20

ಕಂಪನಿಯ ಮ್ಯಾನೇಜರ್ ಬಂದ. ಕಮಿಟಿಯ ಐದು ಜನ. ಕಮಲಾಕ್ಷ ಸರ್ ನೇರ ಆಸ್ಪತ್ರೆಯಿಂದ, ಗಡ್ಡ ಬಿಟ್ಟ ಮುಖ. ರೇವಣಸಿದ್ದನ ಕೈಯಿಂದಲೇ ವಾಲ್ವ್ ಬಿಚ್ಚಿಸಿದರು. ನಾನು ಟಾರ್ಚ್ ಹಿಡಿದೆ.

ಸೀಳಿದ ಬಿಲ್ಲೆ ಹೊರಗೆ ಬಂತು. ಅವನು ಅದನ್ನು ತಿರುಗಿಸಿ ನೋಡಿದ. ಉಲ್ಟಾ ಕೂತಿದೆ ಎಂದು ಕಂಡಿರಬೇಕು. ಆಮೇಲೆ ಕೆಳಗಿನ ತೂತಿಗೆ ಬೆರಳು ಹಾಕಿದ. ತೆಗೆದಾಗ ಬೆರಳ ತುದಿಯಲ್ಲಿ ಬಿಳಿ ಸಫೇದಾ, ಎರಡೆಳೆ ದಾರ.

ಅವನ ಕಂಪನಿಯಲ್ಲಿ ಎಲ್ಲರೂ ಟೇಪ್ ಸುತ್ತುವುದು. ಈ ಸೊಸೈಟಿಯಲ್ಲಿ ಇನ್ನೂ ದಾರ ಸುತ್ತಿ ಸಫೇದಾ ಬಳಿಯುವವನು ಒಬ್ಬನೇ.

ನನ್ನ ಕಡೆ ನೋಡಿದ. ಎಷ್ಟು ಹೊತ್ತು? ಒಂದು ಉಸಿರಿನಷ್ಟು. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಯೇ ಕೈಸೆ ಹುವಾ?" ಮ್ಯಾನೇಜರ್ ಕೇಳಿದ.

"ನನ್ನ ತಪ್ಪರಿ ಸರ್" ಎಂದ, ಕಮಲಾಕ್ಷ ಸರ್ ಕಡೆ ನೋಡಿ, ಕನ್ನಡದಲ್ಲೇ. "ರಬ್ಬರ್ ಕೂಡಿಸೋ ಮುಂದ ಸರಿ ನೋಡ್ಲಿಲ್ರಿ." ಮ್ಯಾನೇಜರನಿಗೂ ಹಿಂದಿಯಲ್ಲಿ ಅದನ್ನೇ ಹೇಳಿದ.

ಕಮಲಾಕ್ಷ ಸರ್ ಕೈ ಎತ್ತಿದರು. ಹೊಡೆಯುತ್ತಾರೆ ಎಂದುಕೊಂಡೆ. ಕೈ ಹಾಗೇ ಇಳಿಯಿತು. "ನಿನ್ನನ್ನು ನಂಬಿ ಸರ್ಟಿಫಿಕೇಟಿಗೆ ಸಹಿ ಹಾಕಿದ್ದಲ್ವಾ ನಾನು" ಎಂದಷ್ಟೇ ಹೇಳಿ ಹೊರಟುಹೋದರು.

ಮ್ಯಾನೇಜರ್ ಅಲ್ಲೇ ಗೇಜ್ ಪೆಟ್ಟಿಗೆ ವಾಪಸ್ ತೆಗೆದುಕೊಂಡ. ಸಸ್ಪೆಂಡ್.

ಅವನು ಬರಿಗೈಯಲ್ಲಿ ಗೇಟು ದಾಟಿ ಹೋಗುವುದನ್ನು ನೋಡಿದೆ. ತಿಂಗಳಿನಿಂದ ಇದನ್ನೇ ಬಯಸಿದ್ದೆನಲ್ಲ! ಆಗ ನನಗೆ ಅನಿಸಿದ್ದು ಪಾಪ ಎಂದಲ್ಲ. ಇದನ್ನೂ ಬರೆಯುತ್ತೇನೆ. ಅನಿಸಿದ್ದು — ಇದರಲ್ಲೂ ನನಗಿಂತ ಮೇಲಾಗಿಬಿಟ್ಟನಲ್ಲ, ಸೂಳೇಮಗ.

ಜುಲೈ 3, ಗುರುವಾರ

ವಾರಿಜಮ್ಮ ವಾರ್ಡಿಗೆ ಬಂದರಂತೆ. ಮಗು ಮನೆಗೆ.

ಉಸಿರು ಬಂತು. ಎರಡು ತುತ್ತು ತಿಂದೆ.

ಜುಲೈ 13, ಭಾನುವಾರ. ಬೆಳಿಗ್ಗೆ 11

ಹತ್ತು ದಿನ ಬರೆದಿಲ್ಲ. ಬರೆಯಲು ಕೂತರೆ ಒಂದೇ ವಾಕ್ಯ ಬರುತ್ತದೆ.

ದ್ರೌಪದಿ ಸೊರಗಿದ್ದಾಳೆ. ತಮ್ಮ ಫೋನ್ ಎತ್ತುವುದಿಲ್ಲ. ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಗಳ ಕಡೆ ದಿನಗೂಲಿಗೆ ಡ್ರಮ್ ಇಳಿಸುತ್ತಿದ್ದಾನೆ ಎಂದು ಯಾರೋ ಹೇಳಿದರಂತೆ.

"ಅವ ಅಂಥಾ ತಪ್ಪ ಮಾಡೋನಲ್ರಿ" ಎಂದಳು ಇವತ್ತು. "ಸಣ್ಣಾವ ಇದ್ದಾಗ ಚಪ್ಪಲಿ ಸೈತ ಜೋಡಿಸಿ ಇಡ್ತಿದ್ದ. ನೀವ ಅಲ್ಲೇ ಇದ್ರಲ್ಲ. ನಿಮಗೇನೂ ಕಾಣಲಿಲ್ಲೇನು?"

"ನಾ ಏನ್ ನೋಡ್ಲಿ? ನಾ ಪ್ಲಂಬರ್. ಅವ ಸಾಹೇಬ" ಎಂದೆ.

ಅವಳು ಮುಖ ನೋಡಿದಳು. ಆ ಮಾತಿನ ಧಾಟಿಯಲ್ಲಿ ಏನು ಕೇಳಿತೋ. ಎದ್ದು ಒಳಗೆ ಹೋದಳು.

ಜುಲೈ 16, ಬುಧವಾರ. ಸಂಜೆ 7

ರಜೆ ಹಾಕಿ ಡೊಂಬಿವಲಿಗೆ ಹೋದೆ. ಸ್ಟೇಷನ್ನಿನಿಂದ ರಿಕ್ಷಾ. ಎಂಐಡಿಸಿಯ ಹಿಂದಿನ ರಸ್ತೆ, ಗಂಟಲು ಕೆರೆಯುವ ಗಾಳಿ. ಒಂದು ಗೋಡೌನಿನ ಮುಂದೆ ರೇವಣಸಿದ್ದ ಟೆಂಪೋದಿಂದ ನೀಲಿ ಡ್ರಮ್ ಉರುಳಿಸುತ್ತಿದ್ದ. ಹರಿದ ಬನಿಯನ್. ನನ್ನ ಕಂಡೂ ಕೆಲಸ ನಿಲ್ಲಿಸಲಿಲ್ಲ. ಕಟ್ಟೆಯ ಮೇಲೆ ಕೂತೆ. ಒಂದು ತಾಸು.

ಬಂದು ದೂರ ಕೂತ. ನೀರು ಕುಡಿದ.

"ಯಾಕ ಹಂಗ ಹೇಳ್ದಿ?" ಎಂದೆ.

"ನಿಮ್ಮ ಮುಖ ನೋಡಿ ಹೇಳಿಲ್ರಿ" ಎಂದ. "ನಮ್ಮಕ್ಕನ ಮುಖ ನೋಡಿ ಹೇಳೀನಿ. ನಿಮ್ಮ ನೌಕ್ರಿ ಹೋದ್ರ ಜ್ಯೋತಿ ಕಾಲೇಜ್ ಹೋಗ್ತದ. ನಾ ಒಬ್ಬಾವ. ಡ್ರಮ್ ಹೊತ್ತರೂ ನಡೀತದ."

ಚಪ್ಪಲಿಯ ಕೆಸರನ್ನು ಕಟ್ಟೆಗೆ ಒರೆಸಿದೆ.

"ತೂತಿಗಿ ಬೂಚ ಹಾಕಬ್ಯಾಡ್ರಿ ಅಂತ ಅವತ್ತ ಎರಡ ಸಲ ಹೇಳಿದ್ದೆ. ಹೇಳಿದ್ನೋ ಇಲ್ಲೋ?"

"ನಾ ಕೇಳಿಸ್ಕೊಳ್ಳಲಿಲ್ಲ."

"ಫೋನ್ ಮಾಡಿ ಕೇಳಿದ್ದೆ. ಹನಿತಾವೇನು ಅಂತ. ಒಂದ್ ಮಾತ ಹೇಳಿದ್ರ ನಾ ಬರ್ತಿದ್ದೆ. ಬ್ಯಾಡ, ನಾನ ಮಾಡ್ತೀನಿ ಅಂದಿದ್ರ ಹ್ಯಾಂಗ ಮಾಡಬೇಕಂತ ಹೇಳ್ತಿದ್ದೆ. ಯಾಕ ಹೇಳ್ಲಿಲ್ರಿ ಮಾವ?"

ಎದುರಿಗೆ ಟೆಂಪೋ ರಿವರ್ಸ್ ಬರುತ್ತಿತ್ತು. ಅದರ ಪೀಂ ಪೀಂ ನಿಲ್ಲಲಿ ಎಂದು ಕಾದೆ. ನಿಂತಿತು.

"ಹೊಟ್ಟಿಕಿಚ್ಚಲೇ" ಎಂದೆ.

ನಲವತ್ತೇಳು ವರ್ಷದಲ್ಲಿ ಮೊದಲ ಸಲ ಆ ಪದ ನನ್ನ ಬಗ್ಗೆ ಆಡಿದ್ದು.

ನಗುತ್ತಾನೆ ಎಂದುಕೊಂಡಿದ್ದೆ. ಅವನ ಕಣ್ಣು ಕೆಂಪಾಯಿತು. "ಆ ನೀಲಿ ಅಂಗಿ ಸಿಕ್ಕ ದಿನ ಮೊದ್ಲ ನಿಮಗ ತೋರಸಬೇಕು ಅನ್ಕೊಂಡಿದ್ನಿ ನಾ" ಎಂದ. "ಶಾಭಾಷ್ ಅಂತೀರಿ ಅಂತ. ಬಾಗಿಲದಾಗ ನಿಂತು ಎದಿ ಡವಡವ ಅಂತಿತ್ತು." ಎದ್ದ. "ಆ ಮುದುಕಿಗಿ ಏನರ ಆಗಿದ್ರ? ಆಗೂ ನಾನೇ ಅಂತ ಹೇಳ್ತಿದ್ನೇನು? ಯೋಚನಿ ಮಾಡಿದ್ರ ನಿದ್ದಿ ಬರಾಂಗಿಲ್ಲ ನನಗ. ನಿಮಗ ಬರ್ತದೇನು?"

ಉತ್ತರಕ್ಕೆ ಕಾಯದೆ ಡ್ರಮ್ ಹತ್ತಿರ ಹೋದ.

ಜುಲೈ 21, ಸೋಮವಾರ. ಮಧ್ಯಾಹ್ನ 1

ಬೆಳಿಗ್ಗೆ ಹತ್ತಕ್ಕೆ ಸಿ-201. ಬೆಲ್ ಒತ್ತಲು ಮೂರು ಸಲ ಕೈ ಎತ್ತಿದೆ.

ವಾರಿಜಮ್ಮ ಸೋಫಾದ ಮೇಲೆ, ಶಾಲು ಹೊದ್ದು. ಅರ್ಧ ಆಗಿದ್ದಾರೆ. "ಬಾ ಬಾಲಪ್ಪ. ಎಷ್ಟು ದಿನ ಆಯ್ತು ಕಾಣದೆ. ಕಾಫಿ ಕುಡಿತೀಯಾ?"

ನಿಂತೇ ಹೇಳಿದೆ. ಹನಿ, ಸ್ಕ್ರೂಡ್ರೈವರ್, ಸೀಳು, ಪ್ಲಗ್. ಜೇಬಿಗೆ ಹಾಕಿಕೊಂಡದ್ದು. ತಳದ ಕೆಸರು ಎಂದು ಹೇಳಿದ್ದು. ಜೇಬಿನಿಂದ ಪ್ಲಗ್ ತೆಗೆದು ಟೀಪಾಯಿ ಮೇಲೆ ಇಟ್ಟೆ.

ಕಮಲಾಕ್ಷ ಸರ್ ಕೂಗಲಿಲ್ಲ. ದನಿ ತಗ್ಗಿತು, ಅದೇ ಹೆದರಿಕೆ. "ಗೊತ್ತಿದ್ದೂ ಕುಡಿರಿ ಅಂತ ಹೇಳಿದ್ದಾ ನೀನು? ನನ್ನ ಅಮ್ಮನಿಗೆ?" ಇದುವರೆಗೆ ನನ್ನನ್ನು ನೀವು ಎನ್ನುತ್ತಿದ್ದರು.

"ಹೌದ್ರಿ."

"ಅಮ್ಮ ನಿನ್ನನ್ನು ಮಗಾ ಅಂತ ಕರಿತಿದ್ರು."

"ಹೌದ್ರಿ."

"ಆ ಹುಡುಗ? ತಪ್ಪು ತನ್ನ ಮೇಲೆ ಹಾಕ್ಕೊಂಡ್ನಲ್ಲ, ಎಂತಕ್ಕೆ?"

"ನನ್ನ ಹೆಂಡ್ತಿ ತಮ್ಮರಿ ಅವ. ಅಕ್ಕನ ಮನಿ ನಡೀಲಿ ಅಂತ."

ವಾರಿಜಮ್ಮ ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಾಳೆಯಿಂದ ಬರ್ಬೇಡ" ಎಂದರು ಸರ್. "ಪೊಲೀಸ್ ಕಂಪ್ಲೇಂಟ್ ಕೊಡ್ಬೇಕಾ ಬೇಡ್ವಾ, ಕಮಿಟಿ ಹೇಳ್ತದೆ. ಕಂಪನಿಗೆ ನಾನೇ ಈಗ ಫೋನ್ ಮಾಡ್ತೇನೆ. ಆ ಹುಡುಗನ ಕೆಲ್ಸ ಹೋಗ್ಬಾರ್ದು. ನೀನು ಎಲ್ಲ ಬರೆದು ಸಹಿ ಹಾಕಿ ಕೊಡು."

ಆಫೀಸಿನಲ್ಲಿ ಕೂತು ಬರೆದುಕೊಟ್ಟೆ, ಹಿಂದಿಯಲ್ಲಿ. ಬಾಲಪ್ಪ, ಪ್ಲಂಬರ್ — ಕೊನೆಯ ಸಲ. ಪಂಪ್ ರೂಮಿನ ಕೀಲಿ ವಾಚ್‌ಮನ್ ಕೈಗೆ ಕೊಟ್ಟೆ. ನನ್ನ ಪಾನಾಗಳನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡೆ.

ಇದನ್ನು ಬರೆಯುತ್ತಿರುವುದು ಕೋಪರಿ ಬ್ರಿಜ್ ಹತ್ತಿರ, ಚಹಾದ ಅಂಗಡಿಯಲ್ಲಿ. ಮನೆಗೆ ಹೋಗಿ ಹೇಳಬೇಕು.

ಜುಲೈ 22, ಮಂಗಳವಾರ

ಹೇಳಿದೆ. ದ್ರೌಪದಿ ಹಿಟ್ಟು ನಾದುತ್ತಿದ್ದಳು. ಕೊನೆಯವರೆಗೂ ನಾದಿದಳು. ಆಮೇಲೆ, "ಅವತ್ತ ಅವನ ಕೈಯಾಗಿನ ಪೆಟಗಿ ಕಸಗೊಂಡ್ರಲ್ಲ, ಆಗ ನೀವು ಬಾಜೂಕ ಇದ್ರಿ?"

"ಇದ್ದೆ."

"ಟಾರ್ಚ್ ಹಿಡ್ಕೊಂಡು?"

"ಹೂಂ."

ಹಿಟ್ಟಿನ ಪಾತ್ರೆ ಎತ್ತಿಕೊಂಡು ಒಲೆಯ ಕಡೆ ತಿರುಗಿದಳು. ಜ್ಯೋತಿ ಪುಸ್ತಕದಿಂದ ತಲೆ ಎತ್ತಲಿಲ್ಲ. "ಪಪ್ಪಾ, ಆಪ್ನೆ..." ಎಂದು ಶುರು ಮಾಡಿ ನಿಲ್ಲಿಸಿದಳು.

ಜುಲೈ 29, ಮಂಗಳವಾರ. ಪಂಚಮಿ

ಏಳು ವರ್ಷದಲ್ಲಿ ಅವನು ಪಂಚಮಿಗೆ ಬರದಿದ್ದದ್ದು ಇದೇ ಮೊದಲು. ಪ್ರತಿ ಪಂಚಮಿಗೂ ಅಕ್ಕನಿಗೆ ಕುಪ್ಪಸದ ಬಟ್ಟೆ ತರುತ್ತಿದ್ದ. ದ್ರೌಪದಿ ಉಂಡಿ ಕಟ್ಟಿದಳು. ಸಂಜೆಯವರೆಗೆ ಬಾಗಿಲು ಹಾಕಲಿಲ್ಲ. ಮಳೆಯ ಎರಚಲು ಒಳಗೆ ಬಂದು ಚಾಪೆ ನೆನೆಯಿತು. ಹಾಕು ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಆಗಸ್ಟ್ 4, ಸೋಮವಾರ. ಸಂಜೆ, ನವಿ ಮುಂಬೈಯಿಂದ ಬರುವ ಲೋಕಲ್‌ನಲ್ಲಿ

ಕಮಿಟಿ ಪೊಲೀಸಿಗೆ ಹೋಗಲಿಲ್ಲ. ವಾರಿಜಮ್ಮ ಬೇಡ ಎಂದರಂತೆ. ವಾಚ್‌ಮನ್ ಹೇಳಿದ.

ಹೊಸ ಬಿಲ್ಡಿಂಗ್ ಏಳುತ್ತಿದೆ, ಐರೋಲಿಯಲ್ಲಿ. ದಿನಗೂಲಿ. ಫಿಟರ್ ಹೇಳಿದಲ್ಲಿ ಪೈಪ್ ಹಿಡಿಯಬೇಕು. ಫಿಟರ್ ಮೂವತ್ತರವನು, ಲಾತೂರಿನವನು. ಟೇಪ್ ಸುತ್ತುವುದು ಹೇಗೆ ಎಂದು ಅವನನ್ನೇ ಕೇಳಿದೆ. ತೋರಿಸಿದ. ಅರ್ಧ ನಿಮಿಷದ ಕೆಲಸ. ಕೇಳುವುದಕ್ಕೆ ಇಷ್ಟೇ ಹೊತ್ತು ಸಾಕಾಗಿತ್ತು.

ಆಗಸ್ಟ್ 10, ಭಾನುವಾರ. ಮಧ್ಯಾಹ್ನ 12.40, ಮನೆ

ದ್ರೌಪದಿ ಇವತ್ತು ತಾನಾಗಿ ಮಾತಾಡಿದಳು. ಇಪ್ಪತ್ತು ದಿನದ ಮೇಲೆ. ತಮ್ಮ ಕೆಲಸಕ್ಕೆ ವಾಪಸ್ ಸೇರಿದನಂತೆ. ಸೇರಿದ್ದಷ್ಟೇ ಅಲ್ಲ, ಠಾಣೆಯಿಂದ ಕಲ್ಯಾಣದವರೆಗಿನ ಎಲ್ಲ ಸೊಸೈಟಿಗಳಿಗೆ ಈಗ ಅವನೇ ಸೂಪರ್‌ವೈಸರ್. ತಪ್ಪಿಲ್ಲದಿದ್ದರೂ ತಪ್ಪು ಹೊತ್ತದ್ದು ಮ್ಯಾನೇಜರನಿಗೆ ಮುಟ್ಟಿತಂತೆ.

ಕೇಳಿದ ಕೂಡಲೇ ಹೊಟ್ಟೆಕಿಚ್ಚು ಎದ್ದಿತು. ಹೌದು, ಅದೇ. ಹೋಗಿದೆ ಎಂದುಕೊಂಡಿದ್ದೆ. ಅವನ ಬದುಕು ಮುರಿದು, ನನ್ನ ನೌಕರಿ ಹೋಗಿ, ಒಬ್ಬ ಮುದುಕಿ ಸಾವಿನ ಬಾಗಿಲು ತಟ್ಟಿ ಬಂದಮೇಲೂ ಅದು ಅಲ್ಲೇ ಇದೆ. ಸೂಪರ್‌ವೈಸರ್ ಎಂಬ ಪದಕ್ಕೆ ತಲೆ ಎತ್ತಿತು. ಹೋಗುವುದಿಲ್ಲವೇನೋ. ಇಷ್ಟು ಮಾತ್ರ ಈಗ ಗೊತ್ತಾಗುತ್ತದೆ — ಎದ್ದಾಗ, ಎದ್ದಿದೆ ಎಂದು. ಆಮೇಲೆ ಕೈ ಎಲ್ಲಿ ಹೋಗುತ್ತದೆ ಎಂದು ನೋಡಿಕೊಳ್ಳಬೇಕು.

ದ್ರೌಪದಿಗೆ "ಚಲೋ ಆಯ್ತು" ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಖರೇನ ಅಂತೀರೋ?" ಎಂದಳು.

"ಅರ್ಧ ಖರೇ" ಎಂದೆ.

ನಗಲಿಲ್ಲ. ಆದರೆ ತಟ್ಟೆಯನ್ನು ನೆಲಕ್ಕಿಡದೆ ನನ್ನ ಕೈಗೇ ಕೊಟ್ಟಳು.

ಹೊರಗೆ ಯಾರೋ ಬೂಟು ಬಿಚ್ಚುತ್ತಿದ್ದಾರೆ. ಜ್ಯೋತಿ ಓಡಿದಳು. "ಮಮ್ಮಿ, ಮಾಮಾ ಆಯಾ!"

ದ್ರೌಪದಿ ಒಲೆಯ ಮುಂದಿಂದ ಎದ್ದು ನಿಂತಲ್ಲೇ ಅಳುತ್ತಿದ್ದಾಳೆ. ಅವನ ದನಿ. "ಅಳಬ್ಯಾಡ ಅಕ್ಕ. ಮಾವ ಅದಾರೇನ ಒಳಗ?"

ನನ್ನ ಬಗ್ಗೆಯೇ ಕೇಳುತ್ತಿದ್ದಾನೆ. ಏಳಬೇಕು. ಅವತ್ತು ಆಫೀಸಿನ ಬಾಗಿಲಲ್ಲಿ ಆ ನೀಲಿ ಅಂಗಿ ನೋಡಿ ಹೇಳಬೇಕಿದ್ದ, ಅವನು ಕಾದಿದ್ದ ಆ ಒಂದು ಪದ, ಈಗಲಾದರೂ...